ಚಪ್ಪಲಿ ಕಚ್ಚಿದ ಮರಿಗೆ ಸರಪಳಿಯೇ ಮದ್ದೇ?

ನಮ್ಮ ಕಾಫಿ ಸೀಮೆಯಲ್ಲಿ ನಾಯಿಮರಿ ಸಿಗುವುದು ಕಷ್ಟವೇನಲ್ಲ. ಊರುನಾಯಿಗಳು ಹೆಚ್ಚಾಗಿ ಚಳಿಗಾಲದ ಹೊತ್ತಿಗೆ ಮರಿ ಹಾಕುತ್ತವೆ. ಮೂಡಿಗೆರೆಯ ಯಾವುದೋ ಅಂಗಡಿಯ ಹಿಂದೆಯೋ, ಕಳಸದ ದಾರಿಯ ಎಸ್ಟೇಟಿನ ಲೈನ್ ಮನೆಗಳ ಪಕ್ಕದಲ್ಲೋ ಕುಂಯ್‌ಗುಡುವ ಮರಿ ಕಂಡರೆ ಕಾಲೇಜು ಹುಡುಗ ಹುಡುಗಿಯರ ಮನಸ್ಸು ಕರಗುತ್ತದೆ. ಮನೆಗೆ ತರುತ್ತೇವೆ, ಹೆಸರಿಡುತ್ತೇವೆ, ಫೋಟೊ ತೆಗೆದು ಸ್ಟೇಟಸ್ ಹಾಕುತ್ತೇವೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಅದೇ ಮರಿ ಅಂಗಳದ ಮೂಲೆಯಲ್ಲಿ ಸರಪಳಿಗೆ ಬಿದ್ದಿರುತ್ತದೆ. ಯಾಕೆಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: ‘ಎಂತ ಮಾಡೋದು ಮಾರಾಯ, ಸಿಕ್ಕಿದ್ದನ್ನೆಲ್ಲ ಕಚ್ಚಿ ಹಾಳು ಮಾಡ್ತದೆ.’

ಹೌದು, ಕಚ್ಚುತ್ತದೆ. ಆದರೆ ಅದು ನಮ್ಮ ಮೇಲಿನ ಸಿಟ್ಟಿನಿಂದಲ್ಲ. ನಾಯಿಮರಿಗೆ 28 ಹಾಲುಹಲ್ಲುಗಳಿರುತ್ತವೆ. ಮೂರೂವರೆ ನಾಲ್ಕು ತಿಂಗಳಿಗೆ ಅವು ಬೀಳತೊಡಗಿ, ಆರೇಳು ತಿಂಗಳ ಹೊತ್ತಿಗೆ 42 ಶಾಶ್ವತ ಹಲ್ಲುಗಳು ಬರುತ್ತವೆ. ಆ ಅವಧಿಯಲ್ಲಿ ಅದರ ಒಸಡು ನೋಯುತ್ತದೆ, ನವೆಯಾಗುತ್ತದೆ. ಏನನ್ನಾದರೂ ಜಗಿದರೆ ಸ್ವಲ್ಪ ಹಿತ. ಅದರ ಜೊತೆಗೆ ಬೇಸರವೂ ಸೇರುತ್ತದೆ. ಅರೇಬಿಕಾ ಮುಗಿದು ರೊಬಸ್ಟಾ ಕೊಯ್ಲು ನಡೆಯುವ ದಿನಗಳಲ್ಲಿ ಮನೆಮಂದಿಯೆಲ್ಲ ತೋಟದಲ್ಲೋ ಕಣದಲ್ಲೋ ಇರುತ್ತಾರೆ. ದಿನವಿಡೀ ಒಂಟಿಯಾಗಿರುವ ಮರಿಗೆ ಜಗಲಿಯ ಮೇಲಿನ ಗಂಬೂಟೇ ಗೆಳೆಯ.

ನಮ್ಮ ಮನೆಗೂ ಈ ವರ್ಷ ಒಂದು ಹೆಣ್ಣುಮರಿ ಬಂದಿದೆ. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಾ ಮನೆಯಲ್ಲೇ ಇರುವ ನನಗೆ ಅದನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿದೆ. ಅದರಿಂದ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ: ಕಚ್ಚುವುದನ್ನು ನಿಲ್ಲಿಸಲು ಹೊರಡಬೇಡಿ, ಯಾವುದನ್ನು ಕಚ್ಚಬೇಕೆಂದು ಕಲಿಸಿ.

ಮೊದಲು ಮನೆಯನ್ನು ಮರಿಯ ಎತ್ತರದಲ್ಲಿ ನೋಡಿ. ಚಪ್ಪಲಿ, ಚಾರ್ಜರ್ ವೈರ್, ಇಲಿಪಾಷಾಣ, ಬೋರ್ಡೋ ದ್ರಾವಣಕ್ಕೆ ತಂದಿಟ್ಟ ಮೈಲುತುತ್ತ, ಇವೆಲ್ಲ ಅಟ್ಟವನ್ನೋ ಕಪಾಟನ್ನೋ ಸೇರಲಿ. ಕಾಫಿ ಬೀಜವೂ ನಾಯಿಗೆ ವಿಷವೇ. ಅದರಲ್ಲಿರುವ ಕೆಫೀನ್ ಅದರ ಹೃದಯಕ್ಕೆ ತಡೆಯದು. ಕಣದಲ್ಲಿ ಕಾಫಿ ಒಣಗುವಾಗ ಮರಿಯ ಮೇಲೆ ಕಣ್ಣಿರಲಿ.

ಆಮೇಲೆ ಅದಕ್ಕೆಂದೇ ಜಗಿಯುವ ವಸ್ತು ಕೊಡಿ. ಫ್ರಿಜ್ಜಿನಲ್ಲಿಟ್ಟ ಕ್ಯಾರೆಟ್ ಸಾಕು. ಒದ್ದೆ ಬಟ್ಟೆಯನ್ನು ಹಿಂಡಿ, ಗಂಟು ಹಾಕಿ, ತಣ್ಣಗೆ ಮಾಡಿ ಕೊಟ್ಟರೂ ಒಸಡಿಗೆ ಹಿತ. ಎಳೆ ಕಿತ್ತು ನುಂಗದಂತೆ ಎದುರಿಗೇ ಕೂತಿರಬೇಕು ಅಷ್ಟೆ. ಬೇಯಿಸಿದ ಕೋಳಿಮೂಳೆ ಬೇಡ, ಅದು ಸೀಳಿ ಗಂಟಲಿಗೂ ಕರುಳಿಗೂ ಚುಚ್ಚುತ್ತದೆ. ಕಾಫಿ ಗಿಡದ ಕಟ್ಟಿಗೆಯನ್ನು ನಾಯಿ ಜಗಿಯಲೆಂದೇ ತುಂಡು ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತಾರೆ. ಅದು ನಮ್ಮ ಹಿತ್ತಿಲಲ್ಲೇ ಸಿಗುತ್ತದಲ್ಲ ಎಂದು ಔಷಧಿ ಹೊಡೆದ ತೋಟದ ರೆಂಬೆ ಕಡಿದು ಕೊಡಬೇಡಿ. ಹಲ್ಲು ಬದಲಾಗುವ ಮರಿಗೆ ಅಷ್ಟು ಗಟ್ಟಿ ವಸ್ತು ಬೇಕಾಗಿಯೂ ಇಲ್ಲ. ‘ಹಳೇ ಚಪ್ಪಲಿ ತಾನೇ’ ಎಂದು ಕೊಡುವವರೂ ಇದ್ದಾರೆ. ಹಳೆಯದು ಯಾವುದು, ಮೊನ್ನೆ ಕೊಂಡದ್ದು ಯಾವುದು ಎಂದು ಮರಿಗೆ ಹೇಗೆ ಗೊತ್ತಾಗಬೇಕು?

ಬಾಯಲ್ಲಿ ಬೇಡದ್ದಿದ್ದರೆ ಅಟ್ಟಿಸಿಕೊಂಡು ಹೋಗಬೇಡಿ, ಅದಕ್ಕೆ ಅದೇ ಆಟವಾಗುತ್ತದೆ. ಕ್ಯಾರೆಟ್ ತೋರಿಸಿ ಅದಲು ಬದಲು ಮಾಡಿಕೊಳ್ಳಿ, ಬಿಟ್ಟ ಕೂಡಲೇ ಹೊಗಳಿ. ಬೆಳಿಗ್ಗೆ ಹರಿದ ದಿಂಬಿಗೆ ಸಂಜೆ ಏಟು ಕೊಟ್ಟರೆ ಅದಕ್ಕೆ ದಿಂಬು ನೆನಪಾಗುವುದಿಲ್ಲ, ನೀವು ಹೊಡೆಯುವವರೆಂಬುದಷ್ಟೇ ನೆನಪಿರುತ್ತದೆ. ಬೆಳಿಗ್ಗೆ ಸಂಜೆ ಓಡಾಡಿಸಿ ಆಡಿಸಿದರೆ ಉಳಿದ ಹೊತ್ತು ಹೆಚ್ಚಾಗಿ ನಿದ್ದೆಯಲ್ಲೇ ಕಳೆಯುತ್ತದೆ.

ಇಷ್ಟಕ್ಕೆ ಬೇಕಾದದ್ದು ದುಡ್ಡಲ್ಲ, ಮೂರು ನಾಲ್ಕು ತಿಂಗಳ ಗಮನ. ಅದನ್ನು ಕೊಡಲಾರದೆ ನಾವು ಸರಪಳಿ ಹಿಡಿಯುತ್ತೇವೆ. ಕಟ್ಟಿಹಾಕಿದ ನಾಯಿ ಕಚ್ಚುವುದನ್ನು ಬಿಡುವುದಿಲ್ಲ. ಸರಪಳಿಯನ್ನೋ ತನ್ನ ಕಾಲನ್ನೋ ಕಚ್ಚಿಕೊಳ್ಳುತ್ತದೆ, ದಾರಿಹೋಕರ ಮೇಲೆ ಎಗರುತ್ತದೆ. ಸದಾ ಕಟ್ಟಿರುವ ನಾಯಿಯನ್ನು ಅಡ್ಡಾಡಿಸದೆ ಬಿಡುವುದನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಕ್ರೌರ್ಯವೆಂದೇ ಹೇಳುತ್ತದೆ. ನಮ್ಮ ಬೆಟ್ಟದ ಸೀಮೆಯಲ್ಲಂತೂ ರಾತ್ರಿ ಅಂಗಳದಲ್ಲಿ ಕಟ್ಟಿದ ನಾಯಿ ಎಂದರೆ ಚಿರತೆಗೆ ಬಡಿಸಿಟ್ಟ ಊಟ. ಓಡಿ ತಪ್ಪಿಸಿಕೊಳ್ಳಲೂ ಅದಕ್ಕೆ ದಾರಿ ಇಲ್ಲ. ರಾತ್ರಿ ಭದ್ರವಾದ ಗೂಡಿನಲ್ಲೋ ಮನೆಯೊಳಗೋ ಮಲಗಿಸುವುದು ಬೇರೆ, ಹಗಲೂ ರಾತ್ರಿ ಕಂಬಕ್ಕೆ ಬಿಗಿಯುವುದು ಬೇರೆ.

ತೇಜಸ್ವಿಯವರ ‘ಕರ್ವಾಲೊ’ ಓದಿ ಕಿವಿಯಂಥ ನಾಯಿ ತಮಗೂ ಬೇಕೆಂದು ಆಸೆಪಟ್ಟವರು ಮೂಡಿಗೆರೆ ಸುತ್ತ ಬಹಳ ಮಂದಿ ಇದ್ದಾರೆ. ಕಿವಿ ನಮಗೆ ಇಷ್ಟವಾಗುವುದು ಅದು ಯಜಮಾನನ ಹಿಂದೆ ತೋಟ, ಕಾಡು ತಿರುಗುವುದರಿಂದ. ಕಂಬಕ್ಕೆ ಕಟ್ಟಿದ್ದರೆ ಆ ಕಿವಿಯೇ ಇರುತ್ತಿರಲಿಲ್ಲ.

ಇನ್ನೊಂದು ಲೆಕ್ಕವಿದೆ. ಚಳಿಗಾಲದಲ್ಲಿ ಹುಟ್ಟಿದ ಮರಿಯ ಹಲ್ಲು ಬದಲಾಗುವುದು ಬೇಸಿಗೆಯಿಂದ ಮಳೆಗಾಲದ ಆರಂಭದವರೆಗೆ. ನಮಗೆ ಪರೀಕ್ಷೆ, ಇಂಟರ್‌ವ್ಯೂ, ಬೆಂಗಳೂರಿನ ಪಿಜಿ ಎಂದು ಗಡಿಬಿಡಿ ಶುರುವಾಗುವುದೂ ಆಗಲೇ. ನಾವು ಬಸ್ಸು ಹತ್ತುತ್ತೇವೆ, ಮರಿ ಅಮ್ಮನ ತಲೆಗೆ ಬೀಳುತ್ತದೆ. ‘ತಂದದ್ದು ನೀನು, ಚಾಕರಿ ನನಗಾ?’ ಎಂದು ಅಮ್ಮ ಕೇಳುವುದರಲ್ಲಿ ತಪ್ಪೇನಿದೆ? ದನ, ಅಡುಗೆ, ತೋಟದ ಆಳುಗಳ ನಡುವೆ ಅವಳಿಗೆ ಸರಪಳಿಯೇ ಸುಲಭವಾಗಿ ಕಂಡರೆ ಅವಳನ್ನು ದೂರುವಂತಿಲ್ಲ.

ಆದ್ದರಿಂದ ಮರಿ ಎತ್ತಿಕೊಳ್ಳುವ ಮುನ್ನ ಮುಂದಿನ ಆರು ತಿಂಗಳು ನಾನೆಲ್ಲಿರುತ್ತೇನೆ ಎಂದು ಕೇಳಿಕೊಳ್ಳೋಣ. ಊರಲ್ಲೇ ಇರುವುದಾದರೆ ಧಾರಾಳವಾಗಿ ತರೋಣ, ಪಶು ಆಸ್ಪತ್ರೆಯಲ್ಲಿ ಲಸಿಕೆ ಹಾಕಿಸೋಣ, ಒಂದೆರಡು ಜೊತೆ ಚಪ್ಪಲಿಯ ಆಸೆ ಬಿಡೋಣ. ಇರುವುದಿಲ್ಲ ಎಂದಾದರೆ ಅದಿದ್ದಲ್ಲೇ ಒಂದು ಹಿಡಿ ಅನ್ನ ಹಾಕೋಣ, ನೋಡಿಕೊಳ್ಳಬಲ್ಲ ಮನೆಯೊಂದನ್ನು ಹುಡುಕಿಕೊಡೋಣ. ಅದೂ ಸಾಕಿದಷ್ಟೇ ದೊಡ್ಡ ಕೆಲಸ.