‘ಚೆಂದಕ್ಕೆ’ ಎಂದು ತಳ್ಳಿಹಾಕಬೇಡಿ



ಯುಗಾದಿ ಊಟ, ನಾಟಕದ ರಿಹರ್ಸಲ್ ಸುದ್ದಿಗಳ ನಡುವೆ ಸ್ತನದ ಸರ್ಜರಿಯ ಮಾತೇ ಎಂದು ಕೆಲವರಿಗೆ ಮುಜುಗರವಾಗಬಹುದು. ಆಗಲಿ ಬಿಡಿ. ಇಲ್ಲಿ ಅಮೆರಿಕದಲ್ಲಿ ನಮ್ಮ ಹೆಂಗಸರು ಇದನ್ನು ಮಾತಾಡುವುದು ಪಾಟ್‌ಲಕ್ ಮುಗಿದು ಪಾತ್ರೆ ತೊಳೆಯುವಾಗ, ಅದೂ ಪಿಸುದನಿಯಲ್ಲಿ.

ಕ್ಯಾನ್ಸರ್‌ನಿಂದಾಗಿ 2008ರಲ್ಲಿ ನನ್ನ ಎಡ ಸ್ತನ ತೆಗೆದು ಇಂಪ್ಲಾಂಟ್ ಇಟ್ಟರು. ಇಂಪ್ಲಾಂಟ್ ಜೀವಮಾನವಿಡೀ ಬಾಳುವ ವಸ್ತುವಲ್ಲ ಎಂದು ಎಫ್‌ಡಿಎ ಹೇಳುತ್ತದೆ. ಸುತ್ತ ಬೆಳೆದ ಪೊರೆ ಗಟ್ಟಿಯಾಗಿ ನೋವು ಕೊಡತೊಡಗಿ, 2022ರಲ್ಲಿ ತೆಗೆಸಬೇಕಾಯಿತು. ಹೊಟ್ಟೆಯ ಚರ್ಮ, ಕೊಬ್ಬಿನಿಂದ ಎಡಭಾಗವನ್ನು ಮತ್ತೆ ಕಟ್ಟಿದರು. ಅದಕ್ಕೆ ಸರಿಹೊಂದುವಂತೆ ಬಲಗಡೆಯದನ್ನು ಎತ್ತಿ ಕಟ್ಟಬೇಕಿತ್ತು. ಹೆಚ್ಚಾದ ಚರ್ಮ ತೆಗೆದು, ಉಳಿದ ಭಾಗಕ್ಕೆ ಆಕಾರ ಕೊಟ್ಟು, ತೊಟ್ಟನ್ನು ಮೇಲಕ್ಕೆ ತರುವ ಕೆಲಸ ಅದು. ನನ್ನ ಇನ್ಶೂರೆನ್ಸ್ ಕಂಪನಿ “ಇದು ಕಾಸ್ಮೆಟಿಕ್” ಎಂದು ಪತ್ರ ಹಾಕಿತು!

ಇಂಥ ಪತ್ರ ಬಂದರೆ ಸುಮ್ಮನಿರಬೇಡಿ. 1998ರ ‘ವಿಮೆನ್ಸ್ ಹೆಲ್ತ್ ಅಂಡ್ ಕ್ಯಾನ್ಸರ್ ರೈಟ್ಸ್ ಆಕ್ಟ್’ ಪ್ರಕಾರ, ಸ್ತನ ತೆಗೆಯುವ ಸರ್ಜರಿಗೆ ಹಣ ಕೊಡುವ ಹೆಚ್ಚಿನ ಪ್ಲಾನುಗಳು ಮರುನಿರ್ಮಾಣದ ಎಲ್ಲ ಹಂತಕ್ಕೂ, ಸರಿಸಮ ಕಾಣಲು ಇನ್ನೊಂದು ಸ್ತನದ ಸರ್ಜರಿಗೂ, ಮುಂದೆ ಬರುವ ತೊಂದರೆಗಳಿಗೂ ಕೊಡಬೇಕು. ವರ್ಷಗಳ ಮೇಲೆ ತೆಗೆಸಿದರೂ ಇದು ಮರುನಿರ್ಮಾಣದ ಭಾಗವೇ. ಡಾಕ್ಟರ ಪತ್ರದೊಂದಿಗೆ ಅಪೀಲ್ ಮಾಡಿದೆ, ಒಪ್ಪಿದರು. ಸ್ತನ ತೆಗೆಸದೆ ಇಂಪ್ಲಾಂಟ್ ಹಾಕಿಸಿಕೊಂಡವರಿಗೆ ಈ ಕಾನೂನು ಆಸರೆಯಲ್ಲ. ತೆಗೆದ ಮೇಲೆ ಹಿಗ್ಗಿದ ಚರ್ಮ ಜೋಲುವುದು ಅವರಿಗೂ ಆಗಬಹುದು, ಆದರೆ ಸರಿಪಡಿಸುವ ಖರ್ಚು ಸಾಮಾನ್ಯವಾಗಿ ಕೈಯಿಂದಲೇ. ಅವರನ್ನು ‘ಷೋಕಿ’ ಎಂದು ಆಡಿಕೊಳ್ಳುವುದು ನನಗಂತೂ ಹಿಡಿಸದು.

ಇನ್ನೊಂದು ಮಾತು. ಒರಟು ಮೇಲ್ಮೈಯ ಕೆಲವು ಇಂಪ್ಲಾಂಟ್‌ಗಳನ್ನು ಅಪರೂಪದ ಲಿಂಫೋಮಾ ಕಾರಣಕ್ಕೆ ಅಲರ್ಗನ್ ಕಂಪನಿ 2019ರ ಜುಲೈನಲ್ಲಿ ಹಿಂದಕ್ಕೆ ಪಡೆಯಿತು. ತೊಂದರೆ ಇಲ್ಲದವರು ತೆಗೆಸಲೇಬೇಕೆಂದು ಎಫ್‌ಡಿಎ ಹೇಳಲಿಲ್ಲ. ಊತ, ಗಂಟು, ನೋವು ಕಂಡರೆ ಮಾತ್ರ ತಡಮಾಡಬೇಡಿ. ನಿಮ್ಮದು ಯಾವ ಮಾಡೆಲ್ ಎಂಬ ಕಾರ್ಡ್ ಹುಡುಕಿಟ್ಟುಕೊಳ್ಳಿ.

“ಈ ವಯಸ್ಸಿಗೆ ಇದೆಲ್ಲ ಯಾಕಮ್ಮಾ?” ಎಂದು ಊರಿಂದ ಫೋನಿನಲ್ಲಿ ಅತ್ತೆ ಕೇಳಿದರು. ಹಲ್ಲು ಬಿದ್ದರೆ ಕಟ್ಟಿಸಿಕೊಳ್ಳುವುದಿಲ್ಲವೇ ಅತ್ತೆ ಎಂದೆ. ನಕ್ಕುಬಿಟ್ಟರು. ಏನೂ ಕಟ್ಟಿಸಿಕೊಳ್ಳದೆ ಚಪ್ಪಟೆಯಾಗಿಯೇ ಇರುತ್ತೇನೆ ಎನ್ನುವ ಗೆಳತಿಯರೂ ನನಗಿದ್ದಾರೆ. ಅದೂ ಅವರಿಷ್ಟ, ಗಂಡನದ್ದೂ ಅಲ್ಲ, ಸರ್ಜನ್ನನದ್ದೂ ಅಲ್ಲ.

ನನ್ನ ಅಪೀಲ್ ಪತ್ರದ ಪ್ರತಿ ಬೇಕಾದವರು ಮುಂದಿನ ಕೂಟದಲ್ಲಿ ಕೇಳಿ, ಕೊಡುತ್ತೇನೆ. ಗಂಡಸರೂ ಕೇಳಬಹುದು.