ಹಾಜರಿ ಪಟ್ಟಿಯನ್ನು ಓದಿಸಿದವರು

ಅರುಣಾ ರಾಯ್ ಅವರ ಹೆಸರೆತ್ತಿದೊಡನೆ ಅವರ ತ್ಯಾಗವನ್ನು ಕೊಂಡಾಡುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. 1968ರಲ್ಲಿ ಐ.ಎ.ಎಸ್. ಸೇರಿ, ಕೆಲವೇ ವರ್ಷಗಳಲ್ಲಿ ಆ ಪದವಿಯನ್ನು ತೊರೆದು ರಾಜಸ್ಥಾನದ ತಿಲೋನಿಯಾ ಗ್ರಾಮಕ್ಕೆ ನಡೆದುದು ಅಸಾಮಾನ್ಯವೇ ಸರಿ. ಆದರೆ ಅಧಿಕಾರವನ್ನು ಬಿಟ್ಟವರಿಗೆ ಕೈಮುಗಿದು ಮನೆಗೆ ಮರಳುವ ನಮ್ಮ ಹಳೆಯ ಅಭ್ಯಾಸದಿಂದಾಗಿ, ಆಕೆ ಅನಂತರ ಸಾಧಿಸಿದ್ದೇನೆಂಬುದು ಮರೆಗೆ ಸರಿದಿದೆ.

1987ರಲ್ಲಿ ಶಂಕರ್ ಸಿಂಗ್, ನಿಖಿಲ್ ಡೇ ಮೊದಲಾದವರೊಡನೆ ಅದೇ ರಾಜ್ಯದ ದೇವ್‌ಡುಂಗ್ರಿ ಹಳ್ಳಿಯ ಮಣ್ಣಿನ ಮನೆಯಲ್ಲಿ ನೆಲೆಸಿ, 1990ರಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯನ್ನು ಕಟ್ಟಿದಾಗ, ಬರಗಾಲದ ಕಾಮಗಾರಿಗಳಲ್ಲಿ ದುಡಿದೂ ಪೂರ್ತಿ ಕೂಲಿ ಕಾಣದ ಜನರಿಗೆ ದೊರೆಯುತ್ತಿದ್ದ ಉತ್ತರ ಒಂದೇ: ನೀವು ಕೆಲಸವನ್ನೇ ಮಾಡಿಲ್ಲವೆಂದು ದಾಖಲೆ ಹೇಳುತ್ತದೆ. ಆ ದಾಖಲೆಯನ್ನು ತೋರಿಸಿರೆಂದರೆ, ಅದು ಸರ್ಕಾರದ ಗುಟ್ಟು! 1994ರ ಡಿಸೆಂಬರಿನಲ್ಲಿ ಕೋಟ್ ಕಿರಾನಾದಲ್ಲಿ ಮೊದಲ್ಗೊಂಡ ಜನಸುನವಾಯಿಗಳಲ್ಲಿ, ಅಂದರೆ ಬಹಿರಂಗ ಅಹವಾಲು ಸಭೆಗಳಲ್ಲಿ, ಹಾಜರಿ ಪಟ್ಟಿಗಳನ್ನೂ ಬಿಲ್ಲುಗಳನ್ನೂ ಊರ ನಡುವೆ ಗಟ್ಟಿಯಾಗಿ ಓದಲಾಗಿ, ಸತ್ತವರೂ ಕೂಲಿ ಪಡೆದಿದ್ದ ಸಂಗತಿ ಹೊರಬಿದ್ದಿತು. ಪಟ್ಟಿಯಲ್ಲಿ ಹೆಸರಿದ್ದವರು ಎದ್ದುನಿಂತು, ತಾವು ಆ ಕೆಲಸಕ್ಕೆ ಹೋಗಿಯೇ ಇಲ್ಲವೆಂದು ಎಲ್ಲರೆದುರು ನುಡಿದರು. ಎಷ್ಟೋ ಆಡಳಿತ ಸುಧಾರಣಾ ಸಮಿತಿಗಳ ವರದಿಗಳಿಂದ ಆಗದ ಕೆಲಸ ಹೀಗೆ ಬಯಲಿನಲ್ಲಿ ಆಯಿತೆಂದರೆ ಅತಿಶಯೋಕ್ತಿಯಲ್ಲ. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ ನಡೆದ 40 ದಿನಗಳ ಧರಣಿಯ ಬೇಡಿಕೆಯೂ ಆ ದಾಖಲೆಗಳ ನಕಲು ಬೇಕೆಂಬುದೇ.

ಈ ಚಳವಳಿಯ ಫಲವಾಗಿ 2005ರಲ್ಲಿ ಮಾಹಿತಿ ಹಕ್ಕಿನ ಕಾಯಿದೆ ಬಂದಿತು. ನಮ್ಮ ಕರ್ನಾಟಕ ತನ್ನದೇ ಕಾಯಿದೆಯನ್ನು 2000ದಲ್ಲಿಯೇ ಮಾಡಿತ್ತೆಂಬುದು ಸಂತೋಷದ ಮಾತು. ಆದರೆ ಕೇಂದ್ರದ ಕಾಯಿದೆಯ 8(1)(ಜೆ) ಉಪವಿಧಿಯನ್ನು 2023ರ ದತ್ತಾಂಶ ಸಂರಕ್ಷಣಾ ಕಾಯಿದೆಯ ಮೂಲಕ ಬದಲಿಸಿ, ವೈಯಕ್ತಿಕ ಮಾಹಿತಿಯೆಂಬ ಒಂದೇ ನೆಪದಿಂದ ಅರ್ಜಿಯನ್ನು ತಳ್ಳಿಹಾಕಲು ದಾರಿ ತೆರೆದಿರುವುದು ಸರ್ವಥಾ ಅನುಚಿತವಾದುದು. ಹೆಸರುಗಳನ್ನು ಅಳಿಸಿದ ಹಾಜರಿ ಪಟ್ಟಿಯಿಂದ ಯಾರಿಗೇನು ಪ್ರಯೋಜನ? ಸತ್ತವನ ಹೆಸರಿನಲ್ಲಿ ಕೂಲಿ ಎತ್ತಿದವನಿಗೆ ಮಾತ್ರ.

ಆ ತಿದ್ದುಪಡಿಯನ್ನು ಹಿಂತೆಗೆದುಕೊಳ್ಳುವಂತೆ ನಮ್ಮ ಸಂಸದರು ಪಕ್ಷಭೇದವಿಲ್ಲದೆ ಒತ್ತಾಯಿಸಬೇಕು. ಓದುಗರೂ ಸುಮ್ಮನಿರಬೇಕಾಗಿಲ್ಲ: ಅರ್ಜಿ ಶುಲ್ಕ ಹತ್ತೇ ರೂಪಾಯಿ, ಕಾರಣ ಹೇಳಬೇಕಾದುದಿಲ್ಲ, ಉತ್ತರ 30 ದಿನಗಳೊಳಗೆ ಬರಬೇಕು, ನಿಮ್ಮ ಪಂಚಾಯಿತಿಯ ಲೆಕ್ಕವನ್ನು ಕೇಳಿರಿ.