ಅಟ್ಟಕ್ಕೆ ಮತ್ತೆ ಏರಿಸುವ ಮುನ್ನ

ವಿಜಯದಶಮಿಯ ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸಿದ ಮೇಲೆ ಮನೆಯಲ್ಲಿ ಒಂದು ಬಗೆಯ ಮೌನ ನೆಲೆಸುತ್ತದೆ. ಆರತಿ, ಹಾಡು, ಬಂದುಹೋಗುವವರ ಮಾತು, ಗೊಂಬೆಬಾಗಿನಕ್ಕೆ ಕಾದ ಮಕ್ಕಳ ಗಲಾಟೆ ಇವುಗಳಿಂದ ತುಂಬಿದ್ದ ನಡುಮನೆಯಲ್ಲಿ ಮರುದಿನ ಉಳಿಯುವುದು ಬರಿಯ ಮೆಟ್ಟಿಲುಗಳು, ಬಾಯ್ದೆರೆದ ಪೆಟ್ಟಿಗೆಗಳು, ಹಳೆಯ ಪಂಚೆಯ ತುಂಡುಗಳು. ಗೃಹಿಣಿಯ ಮನಸ್ಸಿನಲ್ಲಿ ಆಗ ಇರುವುದು ಒಂದೇ ಆಸೆ: ಇವೆಲ್ಲವೂ ಆದಷ್ಟು ಬೇಗ ಕಣ್ಣಿಗೆ ಕಾಣದಂತೆ ಅಟ್ಟ ಸೇರಬೇಕು. ದೀಪಾವಳಿಗೆ ಉಳಿದಿರುವುದು ಹದಿನೆಂಟೋ ಹತ್ತೊಂಬತ್ತೋ ದಿನ.

ಆಸೆ ಸಹಜವಾದದ್ದೇ. ಆದರೆ ಗೊಂಬೆ ಕೂರಿಸುವ ಮನೆಗಳಲ್ಲಿ ಅಟ್ಟವು ಅರ್ಧದಷ್ಟಾದರೂ ಬರಿದಾಗಿರುವುದು ವರ್ಷದಲ್ಲಿ ಈ ಕೆಲವು ದಿನಗಳು ಮಾತ್ರ. ಗೊಂಬೆಯ ಪೆಟ್ಟಿಗೆಗಳು ಕೆಳಗಿವೆ. ಅವುಗಳ ಹಿಂದೆ ಅಡಗಿದ್ದ ಟ್ರಂಕು, ಹೊಲಿಗೆ ಬಿಟ್ಟ ಹಾಸಿಗೆ, ಕೆಟ್ಟ ಮಿಕ್ಸಿ, ದಾರದಿಂದ ಕಟ್ಟಿದ ಕಾಗದದ ಕಟ್ಟುಗಳು ಬೆಳಕಿಗೆ ಬಂದಿವೆ. ಏಣಿ ಇನ್ನೂ ಗೋಡೆಗೆ ಒರಗಿಯೇ ಇದೆ. ಅಟ್ಟವಿಲ್ಲದ ಇಂದಿನ ಚಿಕ್ಕ ಮನೆಗಳಲ್ಲಿ ಮಂಚದ ಹೊಟ್ಟೆಯೇ ಅಟ್ಟ. ಅಲ್ಲಿಯೂ ಇದೇ ಕಥೆ. ಕೆಳಗಿಳಿದದ್ದನ್ನು ಹಾಗೆಯೇ ಮೇಲೇರಿಸಿದರೆ ಮುಂದಿನ ಮಹಾನವಮಿಯವರೆಗೆ ಯಾರೂ ಅದರ ಗೋಜಿಗೆ ಹೋಗುವುದಿಲ್ಲ. ಆದುದರಿಂದ ಏರಿಸುವ ಮುನ್ನವೇ ವಿಚಾರ ಮಾಡುವುದು ಮೇಲು.

ದಸರೆಗೆ ಮುಂಚೆ ಮನೆಯನ್ನು ಶುಚಿಗೊಳಿಸಲಾಗಿಲ್ಲವೇ ಎಂದು ಕೇಳಬಹುದು. ಆ ಶುಚಿ ಬೇರೆ, ಇದು ಬೇರೆ. ಜೇಡರ ಬಲೆ ತೆಗೆಯುವುದು, ಧೂಳು ಹೊಡೆಯುವುದು ಕೈಯ ಕೆಲಸ. ಬೇಕಾದದ್ದು ಯಾವುದು, ಬೇಡವಾದದ್ದು ಯಾವುದು ಎಂದು ತೀರ್ಮಾನಿಸುವುದು ಮನಸ್ಸಿನ ಕೆಲಸ. ಅದೂ ಒಬ್ಬರ ಮನಸ್ಸಿನದಲ್ಲ.

ಯಾರ ವಸ್ತು, ಯಾರ ಮಾತು

ಅಟ್ಟ ತುಂಬುವುದಕ್ಕೆ ಗೃಹಿಣಿಯ ಸೋಮಾರಿತನ ಕಾರಣವೆಂದು ಹೇಳುವವರು ಅಟ್ಟವನ್ನು ಹತ್ತಿ ನೋಡಿದವರಲ್ಲ. ಅಲ್ಲಿರುವ ಪ್ರತಿಯೊಂದು ವಸ್ತುವಿಗೂ ಒಬ್ಬ ಒಡೆಯರಿದ್ದಾರೆ; ಶುಚಿ ಮಾಡುವವಳು ಬಹುಮಟ್ಟಿಗೆ ಆ ಒಡೆಯಳಲ್ಲ. ಯಜಮಾನರ ಕಾಲೇಜಿನ ಪುಸ್ತಕ, ಪರದೇಶಕ್ಕೆ ಹೋದ ಮಗಳ ನಾಟ್ಯದ ಉಡುಪು, ಮಾವನವರ ಬೆರಳಚ್ಚು ಯಂತ್ರ, ಅತ್ತೆಯವರ ತಾಮ್ರದ ಹಂಡೆ – ಇವನ್ನು ಮಾರಲು ಸೊಸೆಗೆ ಅಧಿಕಾರವಿಲ್ಲ; ಹತ್ತಿ ನೋಡಲು ಹಿರಿಯರಿಗೆ ಶಕ್ತಿಯಿಲ್ಲ; ನಿರ್ಧರಿಸಲು ಗಂಡಸರಿಗೆ ಪುರಸತ್ತಿಲ್ಲ. ತೀರ್ಮಾನವಾಗದೆ ಉಳಿದ ವಸ್ತುಗಳೆಲ್ಲವೂ ಮೇಲೇರುತ್ತವೆ.

ಇದಕ್ಕೆ ಕೆಲವರು ಕಂಡುಕೊಂಡ ಉಪಾಯವೆಂದರೆ ಹಿರಿಯರು ಊರಿಗೆ ಹೋದಾಗ ಹಳೆ ಸಾಮಾನಿನವನನ್ನು ಕರೆಯುವುದು. ಜಾಗವೇನೋ ಖಾಲಿಯಾಗುತ್ತದೆ, ನಂಬಿಕೆಯೂ ಅದರೊಡನೆ ಹೊರಟುಹೋಗುತ್ತದೆ. ಸ್ವಂತ ಮನೆಯನ್ನು ಬಿಟ್ಟು ಮಗನ ಮನೆಯ ಒಂದು ಕೋಣೆಗೆ ಬಂದು ಸೇರಿದ ವೃದ್ಧೆಗೆ ಆ ಒಂದು ಟ್ರಂಕೇ ಉಳಿದ ಮನೆ. ಅದನ್ನು ಕೇಳದೆ ಕೊಟ್ಟವರು ಎಷ್ಟು ರೂಪಾಯಿ ಪಡೆದರೂ ಅದು ನಷ್ಟದ ವ್ಯಾಪಾರ.

ಕೇಳುವುದರಲ್ಲಿಯೂ ಒಂದು ರೀತಿಯಿದೆ. "ಈ ಹಂಡೆ ಇನ್ನು ಯಾಕತ್ತೆ ಬೇಕು?" ಎಂದರೆ ಬರುವ ಉತ್ತರವೇ ಬೇರೆ, "ಅತ್ತೆ, ಈ ಹಂಡೆ ಯಾವ ಕಾಲದ್ದು?" ಎಂದರೆ ಬರುವ ಉತ್ತರವೇ ಬೇರೆ. ಎರಡನೆಯ ಪ್ರಶ್ನೆಗೆ ಒಂದು ಕಥೆ ಬರುತ್ತದೆ. ಕಥೆ ಮುಗಿದ ಮೇಲೆ, "ಇಟ್ಟುಕೊಂಡು ಏನು ಮಾಡೋದಮ್ಮ, ಯಾರಿಗಾದರೂ ಉಪಯೋಗವಾಗಲಿ" ಎಂಬ ಮಾತು ಎಷ್ಟೋ ಸಲ ಅವರ ಬಾಯಿಂದಲೇ ಬರುತ್ತದೆ. ಬಾರದಿದ್ದರೆ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಬಚ್ಚಲುಮನೆಗೆ ಇಳಿಸಬಹುದು. ನೀರು ತುಂಬುವ ಹಬ್ಬಕ್ಕೆ ಅದಕ್ಕಿಂತ ಒಳ್ಳೆಯ ಪಾತ್ರೆ ಯಾವುದಿದೆ? ಅಗಲಿದವರ ಪೆಟ್ಟಿಗೆಯನ್ನು ಮಾತ್ರ ಹಬ್ಬದ ಅವಸರದಲ್ಲಿ ತೆರೆಯದಿರುವುದು ಒಳ್ಳೆಯದು. ಅದಕ್ಕೆ ಬೇರೆ ದಿನ, ಬೇರೆ ಮನಸ್ಸು ಬೇಕು.

ದಿನಗಳ ಹಂಚಿಕೆ

ಒಂದೇ ಭಾನುವಾರದಲ್ಲಿ ಎಲ್ಲವನ್ನೂ ಮುಗಿಸುವೆವೆಂದು ಹೊರಟವರು ಸಂಜೆಯ ವೇಳೆಗೆ ಸುಸ್ತಾಗಿ ಎಲ್ಲವನ್ನೂ ಒಟ್ಟಿಗೆ ತುರುಕಿಬಿಡುತ್ತಾರೆ. ದಿನಕ್ಕೆ ಒಂದು ಗಂಟೆ, ಒಂದು ಪೆಟ್ಟಿಗೆ ಎಂದಿಟ್ಟುಕೊಂಡರೆ ಸಾಕು. ದಶಮಿಯಿಂದ ಹುಣ್ಣಿಮೆಯವರೆಗಿನ ಐದು ದಿನ ಗೊಂಬೆಗೂ ಅಟ್ಟಕ್ಕೂ; ಮಲೆನಾಡಿನವರ ಭೂಮಿ ಹುಣ್ಣಿಮೆ, ಉತ್ತರದವರ ಶೀಗಿ ಹುಣ್ಣಿಮೆ ಕಳೆದ ಮೇಲೆ ಅಷ್ಟಮಿಯವರೆಗೆ ಬಟ್ಟೆಗೂ ಕಾಗದಪತ್ರಕ್ಕೂ; ಅಲ್ಲಿಂದ ಏಕಾದಶಿಯವರೆಗೆ ಅಡುಗೆಮನೆ, ಔಷಧದ ಗೂಡು, ತಾರಸಿ. ಅನಂತರದ ದಿನಗಳು ಹಬ್ಬದವು. ಏಣಿ ಹತ್ತುವುದು ಯಜಮಾನರ ಅಥವಾ ಬೆಳೆದ ಮಕ್ಕಳ ಪಾಲಿಗೆ ಬರಲಿ. ಕೆಳಗೆ ಏಣಿ ಹಿಡಿಯಲು ಒಬ್ಬರು ಇರಲೇಬೇಕು.

ಗೊಂಬೆಗಳು

ಮಣ್ಣಿನ ಗೊಂಬೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಬಣ್ಣ ಎದ್ದುಬರುತ್ತದೆ. ಮೆತ್ತನೆಯ ಒಣ ಕುಂಚವೇ ಸರಿ. ಚನ್ನಪಟ್ಟಣದ ಗೊಂಬೆಗೆ ತಿರುಗಣೆಯ ಮೇಲೆ ಬಣ್ಣದ ಅರಗನ್ನು ಒತ್ತಿ, ಆ ತಿಕ್ಕಾಟದ ಕಾವಿನಿಂದಲೇ ಮೆರುಗು ಕೊಟ್ಟಿರುತ್ತಾರೆ. ಅರಗು ಕಾವಿಗೆ ಮೆತ್ತಗಾಗುವುದರಿಂದ ಅವುಗಳನ್ನು ಬಿಸಿಲು ಬಡಿಯುವ ತಗಡಿನ ಸೂರಿನ ಕೆಳಗೆ ಇಡಬಾರದು. ಮೊದಲು ಹಳೆಯ ಹತ್ತಿಬಟ್ಟೆ, ಅದರ ಮೇಲೆ ಬೇಕಾದರೆ ವೃತ್ತಪತ್ರಿಕೆ. ಪತ್ರಿಕೆಯನ್ನೇ ನೇರವಾಗಿ ಸುತ್ತಿದರೆ ಅಚ್ಚಿನ ಮಸಿ ಗೊಂಬೆಯ ಮುಖಕ್ಕೆ ಹತ್ತುತ್ತದೆ. ಭಾರವಾದವು ತಳದಲ್ಲಿರಲಿ. ಒಳಗಿರುವುದರ ಪಟ್ಟಿಯನ್ನು ಬರೆದು ಮುಚ್ಚಳದ ಒಳಮೈಗೆ ಅಂಟಿಸಿದರೆ ಮುಂದಿನ ವರ್ಷ ಒಂದು ಕೊಳಲಿನ ಕೃಷ್ಣನಿಗಾಗಿ ಆರು ಪೆಟ್ಟಿಗೆ ಬಿಚ್ಚುವ ಕಷ್ಟ ತಪ್ಪುತ್ತದೆ. ಒಂದೇ ಬಗೆಯ ಗೊಂಬೆ ಮೂರು ನಾಲ್ಕು ಸೇರಿದ್ದರೆ, ಹೊಸದಾಗಿ ಗೊಂಬೆ ಕೂರಿಸಲು ತೊಡಗಿದ ಮನೆಗೆ ಕೊಡುವುದು ಸಂತೋಷದ ದಾರಿ. ತವರಿನಿಂದ ಬಂದ ಪಟ್ಟದ ಗೊಂಬೆಯ ಮಾತು ಮಾತ್ರ ಬೇರೆ. ಅದು ಮನೆಯಲ್ಲಿಯೇ ಇರತಕ್ಕದ್ದು.

ಬಟ್ಟೆಬರೆ

ಇದು ಚಿತ್ತೆ, ಸ್ವಾತಿ ಮಳೆಗಳ ಕಾಲ. ಬೆಳಗಿನ ಬಿಸಿಲನ್ನು ನಂಬಿ ಹರಡಿದ ಬಟ್ಟೆ ಮಧ್ಯಾಹ್ನಕ್ಕೆ ನೆನೆಯುವುದುಂಟು. ರೇಷ್ಮೆಗಂತೂ ಬಿಸಿಲು ಬೇಡ. ಗಾಳಿಯಾಡುವ ನೆರಳಿನಲ್ಲಿ ಒಂದೆರಡು ಗಂಟೆ ಹರವಿ, ಹಳೆಯ ಮಡಿಕೆಯನ್ನು ಬಿಟ್ಟು ಬೇರೆ ಕಡೆ ಮಡಿಸಿ, ಬಿಳಿಯ ಹತ್ತಿಬಟ್ಟೆಯಲ್ಲಿ ಸುತ್ತಿಡಬೇಕು. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದ ಜರಿಯ ಸೀರೆ ಮಡಿಕೆಯಲ್ಲಿಯೇ ಸೀಳುತ್ತದೆ. ಪ್ಲಾಸ್ಟಿಕ್ ಚೀಲ ತೇವವನ್ನು ಒಳಗೇ ಹಿಡಿದಿಡುವುದರಿಂದ ಅದು ರೇಷ್ಮೆಗೆ ತಕ್ಕದ್ದಲ್ಲ.

ನುಸಿಗುಳಿಗೆಯ ವಿಷಯದಲ್ಲಿ ಎಚ್ಚರ ಅಗತ್ಯ. ಅದನ್ನು ಪೆಪ್ಪರಮಿಂಟೆಂದು ಮಗು ನುಂಗಿದರೆ ಪ್ರಾಣಕ್ಕೇ ಅಪಾಯ. ಹುಟ್ಟಿನಿಂದ ರಕ್ತದಲ್ಲಿ ಒಂದು ಬಗೆಯ ಕಿಣ್ವದ ಕೊರತೆಯಿರುವ ಎಳೆಗೂಸುಗಳಿಗೆ, ಅದರ ವಾಸನೆ ಕೂತ ಹೊದಿಕೆಯನ್ನು ಹೊದಿಸಿದರೂ ಕೆಂಪು ರಕ್ತಕಣಗಳು ಒಡೆಯುವುದುಂಟೆಂದು ವೈದ್ಯರು ಹೇಳುತ್ತಾರೆ. ಆದುದರಿಂದ ಮಕ್ಕಳ ಬಟ್ಟೆಯ ನಡುವೆ ನುಸಿಗುಳಿಗೆ ಬೇಡವೇ ಬೇಡ. ಒಣಗಿದ ಬೇವಿನೆಲೆಯನ್ನೋ ಬಜೆಯ ತುಂಡನ್ನೋ ಬಟ್ಟೆಯಲ್ಲಿ ಕಟ್ಟಿಟ್ಟರೆ ಸಾಕು.

ಕಾಗದಪತ್ರ

ಅಟ್ಟದಲ್ಲಿ ಅತ್ಯಂತ ಅಗ್ಗವಾಗಿ ಕಾಣುವುದೂ ಅತ್ಯಂತ ಬೆಲೆಬಾಳಬಹುದಾದದ್ದೂ ಕಾಗದವೇ. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ತಂದುಕೊಟ್ಟ ಓಲೆಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿತ್ತು. ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಮಾಡಿಸುವವರೆಗೆ ಆ ಗ್ರಂಥ ಕಳೆದುಹೋಯಿತೆಂದೇ ವಿದ್ವಾಂಸರು ಭಾವಿಸಿದ್ದರು. ಎಲ್ಲ ಅಟ್ಟದಲ್ಲಿಯೂ ಅರ್ಥಶಾಸ್ತ್ರ ಸಿಗುವುದಿಲ್ಲವೆಂಬುದು ನಿಜ; ಆದರೂ ಓಲೆಗರಿ, ಕೈಬರಹದ ಹಳೆಯ ಪುಸ್ತಕ, ಅಜ್ಜನ ದಿನಚರಿ ಇವುಗಳನ್ನು ಬಲ್ಲವರಿಗೆ ತೋರಿಸದೆ ತಕ್ಕಡಿಗೆ ಹಾಕಬಾರದು.

ಹಳೆಯ ಪಾಸ್‌ಪುಸ್ತಕ, ಠೇವಣಿಯ ರಸೀದಿ ಸಿಕ್ಕಿದರೆ ಹರಿಯುವ ಮುನ್ನ ವಿಚಾರಿಸಬೇಕು. ಹತ್ತು ವರ್ಷ ಯಾರೂ ಮುಟ್ಟದ ಬ್ಯಾಂಕ್ ಖಾತೆಯ ಹಣವು 2014ರಲ್ಲಿ ರಿಸರ್ವ್ ಬ್ಯಾಂಕು ಏರ್ಪಡಿಸಿದ ನಿಧಿಗೆ ಹೋಗುತ್ತದೆ. ಹಾಗೆ ಹೋದರೂ ಖಾತೆದಾರರ ಅಥವಾ ವಾರಸುದಾರರ ಹಕ್ಕು ಅಳಿಯುವುದಿಲ್ಲ, ತಕ್ಕ ದಾಖಲೆಗಳೊಡನೆ ಆ ಬ್ಯಾಂಕನ್ನೇ ಕೇಳಿ ಪಡೆಯಬಹುದು. ಇಂಥ ಖಾತೆಗಳನ್ನು ಹುಡುಕಲೆಂದೇ ರಿಸರ್ವ್ ಬ್ಯಾಂಕು 2023ರ ಆಗಸ್ಟಿನಲ್ಲಿ 'ಉದ್ಗಮ್' ಎಂಬ ಜಾಲತಾಣವನ್ನು ತೆರೆಯಿತು. ಮನೆಯ ಕ್ರಯಪತ್ರ, ಖಾತೆಯ ನಕಲು, ವಿಮೆ, ಪಿಂಚಣಿ, ಜನನ ಮರಣದ ಪತ್ರ ಇವು ಒಂದೇ ಪೆಟ್ಟಿಗೆಯಲ್ಲಿರಲಿ. ಆ ಪೆಟ್ಟಿಗೆ ಎಲ್ಲಿದೆಯೆಂಬುದು ಯಜಮಾನರಿಗೆ ಮಾತ್ರವಲ್ಲ, ಗೃಹಿಣಿಗೂ ತಿಳಿದಿರಲಿ. ಗಂಡನನ್ನು ಕಳೆದುಕೊಂಡ ಮೇಲೆ ಕಾಗದಕ್ಕಾಗಿ ಅಲೆದಾಡುವ ಹೆಂಗಸರ ಪಾಡನ್ನು ಕಂಡವರು ಈ ಮಾತನ್ನು ಹಗುರವಾಗಿ ಎಣಿಸುವುದಿಲ್ಲ.

ಛಾಯಾಚಿತ್ರಗಳದು ಇನ್ನೊಂದು ಕಥೆ. ಹಳೆಯ ಗುಂಪು ಚಿತ್ರದಲ್ಲಿ ಜರಿಪೇಟ ಧರಿಸಿ ಕುಳಿತವರು ಯಾರು, ಅವರ ತೊಡೆಯ ಮೇಲಿನ ಮಗು ಯಾರೆಂದು ಬಲ್ಲವರು ಮನೆಯಲ್ಲಿ ಈಗ ಒಬ್ಬರೇ ಉಳಿದಿರಬಹುದು. ಒಂದು ಸಂಜೆ ಮೊಮ್ಮಕ್ಕಳನ್ನು ಅವರ ಪಕ್ಕದಲ್ಲಿ ಕೂರಿಸಿ, ಅವರು ಹೇಳಿದ ಹೆಸರುಗಳನ್ನು ಚಿತ್ರದ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲ್ಲಿನಿಂದ ಬರೆಸಬೇಕು. ಶಾಯಿಯಲ್ಲಿ ಬರೆದರೆ ಅದು ಮುಂಬದಿಗೆ ಇಳಿಯಬಹುದು. ಸೀರೆಯನ್ನು ಮುಂದಿನ ವರ್ಷವೂ ಮಡಿಸಬಹುದು. ಈ ಕೆಲಸವನ್ನು ಮುಂದಕ್ಕೆ ಹಾಕುವಂತಿಲ್ಲ. ಹೆಸರು ತಿಳಿಯದ ಚಿತ್ರವನ್ನು ಮುಂದಿನ ತಲೆಮಾರು ಬೇಡದ ಕಾಗದವೆಂದೇ ಎಣಿಸುತ್ತದೆ.

ಅಡುಗೆಮನೆ, ಔಷಧ, ತಾರಸಿ

ಅಡುಗೆಮನೆಯಲ್ಲಿ ಮುಚ್ಚಳವಿಲ್ಲದ ಡಬ್ಬಿ, ಡಬ್ಬಿಯಿಲ್ಲದ ಮುಚ್ಚಳ ಇವುಗಳ ವಿಚಾರಣೆ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಕಲಾಯಿ ಹೋದ ಹಿತ್ತಾಳೆಯ ಪಾತ್ರೆಯಲ್ಲಿ ಹುಳಿ, ಸಾರು ಮಾಡಬಾರದು. ಹಬ್ಬಕ್ಕೆ ಬೇಕಾದರೆ ಈಗಲೇ ಕಲಾಯಿ ಹಾಕಿಸಬೇಕು. ಅವಧಿ ಮುಗಿದ ಮಾತ್ರೆ, ಅರ್ಧ ಉಳಿದ ಜ್ವರದ ಔಷಧ ಇವುಗಳನ್ನು 'ಇರಲಿ' ಎಂದು ಇಡುವುದು ಮಿತವ್ಯಯವಲ್ಲ. ಒಡೆದ ಕಣ್ಣಿನ ಹನಿಯ ಸೀಸೆಯನ್ನು ಸಾಮಾನ್ಯವಾಗಿ ಒಂದು ತಿಂಗಳಿಗಿಂತ ಹೆಚ್ಚು ಬಳಸುವಂತಿಲ್ಲ.

ತಾರಸಿ ಹಾಗೂ ಹಿತ್ತಲನ್ನು ಹಬ್ಬದ ಶುಚಿಯಲ್ಲಿ ಮರೆಯುವುದೇ ಹೆಚ್ಚು. ಒಡೆದ ಕುಂಡ, ಹಳೆಯ ಟೈರು, ಮಗುಚದೆ ಬಿಟ್ಟ ಬಕೆಟ್ಟು ಇವುಗಳಲ್ಲಿ ಮಳೆಯ ನೀರು ನಿಂತರೆ ಡೆಂಗೀ ಹರಡುವ ಸೊಳ್ಳೆಗೆ ಅದೇ ತೊಟ್ಟಿಲು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು ಎಂಟು ಹತ್ತು ದಿನ ಸಾಕು. ಆದುದರಿಂದಲೇ ವಾರಕ್ಕೊಮ್ಮೆ ನೀರು ಚೆಲ್ಲಿ ಒಳಮೈಯನ್ನು ತಿಕ್ಕಬೇಕೆನ್ನುವುದು. ಪಟಾಕಿಯನ್ನು ತಂದಿಟ್ಟ ಕೋಣೆಯಲ್ಲಿ ರದ್ದಿಯ ರಾಶಿ ಇರಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕೊಡುವ ಬಗೆ

ಬೇಡವೆಂದು ತೀರ್ಮಾನವಾದದ್ದನ್ನು ಮೂರು ಪಾಲು ಮಾಡಬಹುದು: ಕೊಡತಕ್ಕದ್ದು, ಮಾರತಕ್ಕದ್ದು, ಬಿಸಾಡತಕ್ಕದ್ದು. ಕೆಟ್ಟ ಮೊಬೈಲು, ಚಾರ್ಜರು, ಉಬ್ಬಿದ ಬ್ಯಾಟರಿ ಇವು ಮನೆಯ ಕಸದೊಡನೆ ಹೋಗಬಾರದು; ಅಂಥ ತ್ಯಾಜ್ಯವನ್ನು ತೆಗೆದುಕೊಳ್ಳಲು ಅನುಮತಿ ಪಡೆದವರಿಗೇ ಸೇರಬೇಕು. ಪ್ಲಾಸ್ಟಿಕ್ಕನ್ನು ಹಿತ್ತಲಲ್ಲಿ ಸುಡುವುದು ನೆರೆಹೊರೆಯ ಮಕ್ಕಳ ಶ್ವಾಸಕ್ಕೆ ವಿಷ ಬೆರೆಸಿದಂತೆ.

ಕೊಡುವುದಕ್ಕೂ ಒಂದು ಮರ್ಯಾದೆಯಿದೆ. ತಾನು ಉಡಲಾರದಷ್ಟು ಹರಿದ ಸೀರೆಯನ್ನು ಕೊಟ್ಟರೆ ಅದು ದಾನವಲ್ಲ, ಕಸವನ್ನು ಇನ್ನೊಬ್ಬರ ಮನೆಗೆ ಸಾಗಿಸುವ ಉಪಾಯ. ಮನೆಗೆಲಸದವಳಿಗೆ ಹಬ್ಬಕ್ಕೆ ಸಲ್ಲಬೇಕಾದ ಹಣದ ಬದಲಿಗೆ ಅಟ್ಟದ ಸಾಮಾನನ್ನು ಹೊರಿಸುವುದು ಕೆಲವು ಮನೆಗಳ ಪದ್ಧತಿ. ಅವಳ ಮನೆ ಇನ್ನೂ ಚಿಕ್ಕದು. ಅಲ್ಲಿ ಅಟ್ಟವೂ ಇಲ್ಲ. ಮೊದಲು ಹಬ್ಬದ ಹಣ, ಹೊಸ ಬಟ್ಟೆ, ಆಮೇಲೆ, "ಇದು ನಿನಗೆ ಬೇಕೇನಮ್ಮ?" ಎಂಬ ಪ್ರಶ್ನೆ. ಬೇಡವೆಂದರೆ ಬೇಸರಪಡಬಾರದು.

ಇಷ್ಟಾದ ಮೇಲೆ ಪೆಟ್ಟಿಗೆಗಳು ಅಟ್ಟಕ್ಕೆ ಏರಲಿ. ಹತ್ತು ಪೆಟ್ಟಿಗೆ ಇಳಿದ ಕಡೆ ಏಳು ಏರಿದರೂ ದೊಡ್ಡ ಲಾಭವೇ. ಒಂಬತ್ತೇ ಏರಿದರೂ ಚಿಂತೆಯಿಲ್ಲ, ಒಂದೊಂದರಲ್ಲಿಯೂ ಏನಿದೆ, ಯಾರದಿದೆ, ಏಕಿದೆ ಎಂಬುದು ಮನೆಯವರೆಲ್ಲರಿಗೂ ತಿಳಿದಿದ್ದರೆ ಸಾಕು. ಏಣಿಯನ್ನು ಅದರ ಜಾಗಕ್ಕೆ ಸೇರಿಸಿ, ತ್ರಯೋದಶಿಯ ಸಂಜೆ ಹಂಡೆಗೆ ನೀರು ತುಂಬುವ ವೇಳೆಗೆ ಗೃಹಿಣಿಯೂ ಉಳಿದವರಂತೆ ಹಬ್ಬ ಮಾಡುವಷ್ಟು ಚೈತನ್ಯ ಉಳಿಸಿಕೊಂಡಿರಬೇಕು. ಅಚ್ಚುಕಟ್ಟಾದ ಮನೆಯಲ್ಲಿ ಅದನ್ನು ಅಚ್ಚುಕಟ್ಟು ಮಾಡಿದವಳು ಮಾತ್ರ ಮೂಲೆ ಹಿಡಿದು ಮಲಗಿದರೆ ದೀಪ ಹಚ್ಚಿದ ಫಲ ಪೂರ್ಣವಾಗುವುದಿಲ್ಲ.